ಕ್ರೀಡಾ ಪ್ರಶ್ನೋತ್ತರ: ಗಾಯಾಳು ಆಟಗಾರ ಜಾನ್ ಲಾಂಗ್‌ಮೈರ್ ತರಬೇತುದಾರರಾದ ಬಗೆ

ಕಳೆದ ಸಂಚಿಕೆಯ ಕ್ರೀಡಾಪುಟದಲ್ಲಿ ಆಸ್ಟ್ರೇಲಿಯಾದ ಜಾನ್ ಲಾಂಗ್‌ಮೈರ್ ಅವರ ಬಗ್ಗೆ ಒಂದು ಕಿರುಟಿಪ್ಪಣಿ ಪ್ರಕಟವಾಗಿತ್ತು. ಹತ್ತೊಂಬತ್ತರ ವಯಸ್ಸಿಗೆ ತಮ್ಮ ಲೀಗಿನ ಅತಿ ಹೆಚ್ಚು ಗೋಲು ಗಳಿಸಿದವರೆನಿಸಿಕೊಂಡು, ಮೊಣಕಾಲಿನ ಗಾಯದಿಂದ ಒಂದಿಡೀ ವರ್ಷ ಕಳೆದುಕೊಂಡು, ಮುಂದೆ ತರಬೇತುದಾರರಾಗಿ ಹೆಸರು ಮಾಡಿದವರು ಎಂದಷ್ಟೇ ಅದರಲ್ಲಿ ಬರೆದಿದ್ದೆವು. ಅದನ್ನು ಓದಿ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಿಂದಲೂ ಘಟ್ಟದ ಮೇಲಿನ ಶಿರಸಿ, ಯಲ್ಲಾಪುರಗಳಿಂದಲೂ ಪತ್ರಗಳು ಬಂದಿವೆ. ಬಹುಪಾಲು ಪತ್ರಗಳಲ್ಲಿ ಆಸ್ಟ್ರೇಲಿಯಾದ ಆಟದ ಜೊತೆಗೆ ನಮ್ಮೂರಿನ ಹುಡುಗರ ಮೊಣಕಾಲಿನ ಚಿಂತೆಯೂ ಇರುವುದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಲಾಂಗ್‌ಮೈರ್ ಆಡಿದ್ದು ನಾವು ಆಡುವ ಫುಟ್ಬಾಲನ್ನೇ? ಅಥವಾ ಅದು ರಗ್ಬಿಯ ಒಂದು ಬಗೆಯೇ?
– ದೈಹಿಕ ಶಿಕ್ಷಣದ ವಿದ್ಯಾರ್ಥಿ, ಕಾರವಾರ

ಉತ್ತರ: ಎರಡೂ ಅಲ್ಲ. ಮೆಲ್ಬರ್ನ್ ನಗರದಲ್ಲಿ ಹುಟ್ಟಿ, 1859ರ ಮೇ ತಿಂಗಳಿನಲ್ಲಿ ಲಿಖಿತ ನಿಯಮಗಳನ್ನು ಪಡೆದ ಈ ಆಟಕ್ಕೆ ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್ ಎಂದು ಹೆಸರು. ಅಂಗಳ ಕ್ರಿಕೆಟ್ ಮೈದಾನದಂತೆ ಅಂಡಾಕಾರದ್ದು, ಉದ್ದ 135ರಿಂದ 185 ಮೀಟರ್, ಚೆಂಡೂ ಅಂಡಾಕಾರದ್ದೇ. ಒಂದೊಂದು ತಂಡದಿಂದ 18 ಮಂದಿ ಏಕಕಾಲಕ್ಕೆ ಆಡುತ್ತಾರೆ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳಿದ್ದು, ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ 6 ಅಂಕ, ಪಕ್ಕದ ಗಿಡ್ಡ ಕಂಬದ ಕಡೆಗೆ ಸರಿದರೆ 1 ಅಂಕ. ಚೆಂಡನ್ನು ಎಸೆಯುವಂತಿಲ್ಲ, ಒಂದು ಅಂಗೈಯಲ್ಲಿಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಕೊಡಬೇಕು, ಇಲ್ಲವೇ ಒದೆಯಬೇಕು. ಕನಿಷ್ಠ 15 ಮೀಟರ್ ದೂರದಿಂದ ಒದ್ದು ಬಂದ ಚೆಂಡನ್ನು ನೆಲಕ್ಕೆ ಬೀಳಗೊಡದೆ ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು ಸಿಗುತ್ತದೆ, ಅದನ್ನು ಮಾರ್ಕ್ ಎನ್ನುತ್ತಾರೆ.

ಆಟದ ಸೊಗಸೂ ಅಪಾಯವೂ ಈ ಮಾರ್ಕ್‌ನಲ್ಲಿವೆ. ಎದುರಾಳಿಯ ಬೆನ್ನಿಗೆ ಮೊಣಕಾಲು ಕೊಟ್ಟು ಗಾಳಿಗೆ ಏರಿದ ಆಟಗಾರ ಕಣ್ಣನ್ನು ಚೆಂಡಿನ ಮೇಲೆಯೇ ನೆಟ್ಟು, ನಾಲ್ಕೈದು ಜನರ ಗುಂಪಿನ ನಡುವೆ ಹೆಚ್ಚಿನ ಸಲ ಒಂಟಿಕಾಲಿನ ಮೇಲೆ ಇಳಿಯುತ್ತಾನೆ. 20 ನಿಮಿಷಗಳ ನಾಲ್ಕು ಅವಧಿಗಳು, ಅದಕ್ಕೆ ಸೇರುವ ವ್ಯರ್ಥಕಾಲ, ಅಷ್ಟು ದೊಡ್ಡ ಅಂಗಳದಲ್ಲಿ ಹತ್ತು ಕಿಲೋಮೀಟರಿಗೂ ಮಿಕ್ಕಿದ ಓಟ, ಇವೆಲ್ಲ ಸೇರಿ ಮೊಣಕಾಲು, ತೊಡೆಯ ಹಿಂಭಾಗದ ಸ್ನಾಯು ಮತ್ತು ಬೆನ್ನು ಈ ಆಟಗಾರರ ಜೀವಮಾನದ ಚಿಂತೆಗಳಾಗಿವೆ.

ಪ್ರಶ್ನೆ: ಲಾಂಗ್‌ಮೈರ್ ಅವರ ಆಟದ ಬದುಕನ್ನು ಇನ್ನಷ್ಟು ವಿವರವಾಗಿ ತಿಳಿಸುವಿರಾ?
– ಒಬ್ಬ ಓದುಗರು, ಕುಮಟಾ

ಉತ್ತರ: ಜಾನ್ ಲಾಂಗ್‌ಮೈರ್ 1970ರ ಡಿಸೆಂಬರ್ 31ರಂದು ಜನಿಸಿದರು. ಊರು ಮರ್ರೆ ನದಿಯ ಉತ್ತರ ದಂಡೆಯ ಕೊರೋವಾ. ನದಿ ದಾಟಿದರೆ ವಿಕ್ಟೋರಿಯಾ ರಾಜ್ಯ, ಈಚೆ ನ್ಯೂ ಸೌತ್ ವೇಲ್ಸ್. ಈ ಗಡಿಯಿಂದಾಗಿ ಅವರ ಮೇಲಿನ ಹಕ್ಕು ಸಿಡ್ನಿ ಸ್ವಾನ್ಸ್ ಕ್ಲಬ್ಬಿನದಾಗಿತ್ತು. ಮೆಲ್ಬರ್ನ್ ನಗರದ ನಾರ್ತ್ ಮೆಲ್ಬರ್ನ್ ಕ್ಲಬ್ಬು ಅದನ್ನು ಸಿಡ್ನಿಯಿಂದ ಪಡೆದುಕೊಂಡಿತು. ಅದೇ ಮಾತುಕತೆಯಲ್ಲಿ ವೇಯ್ನ್ ಕ್ಯಾರಿ ಎಂಬ ಇನ್ನೊಬ್ಬ ಹುಡುಗನನ್ನೂ ಕರೆತಂದಿತು, ಮುಂದೆ ಆತ ಈ ಆಟದ ಸಾರ್ವಕಾಲಿಕ ಶ್ರೇಷ್ಠರ ಸಾಲಿಗೆ ಸೇರಿದ. ಮುಂದೊಂದು ದಿನ ತನ್ನ ತರಬೇತುದಾರನಾಗಲಿದ್ದ ಹುಡುಗನನ್ನು ಸಿಡ್ನಿ ಹೀಗೆ ಬಿಟ್ಟುಕೊಟ್ಟಿತ್ತು.

1988ರಲ್ಲಿ, ಹದಿನೇಳರ ಪ್ರಾಯದಲ್ಲಿ, ಲಾಂಗ್‌ಮೈರ್ ಹಿರಿಯರ ತಂಡದಲ್ಲಿ ಆಡಿದರು. ಗೋಲಿಗೆ ಅತಿ ಸಮೀಪ ನಿಲ್ಲುವ ಫುಲ್ ಫಾರ್ವರ್ಡ್ ಅವರ ಜಾಗ. 1990ರಲ್ಲಿ 98 ಗೋಲು ಗಳಿಸಿ ಲೀಗಿನ ಅಗ್ರ ಗೋಲುಗಾರರಿಗೆ ಸಲ್ಲುವ ಕೋಲ್ಮನ್ ಪದಕವನ್ನೂ, ಆ ವರ್ಷದ ತಮ್ಮ ಕ್ಲಬ್ಬಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಸಿಡ್ ಬಾರ್ಕರ್ ಪದಕವನ್ನೂ ಪಡೆದರು. ಆ ಋತುವಿನಲ್ಲಿ ಮೆಲ್ಬರ್ನ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 14 ಗೋಲು ಹೊಡೆದದ್ದು ಇಂದಿಗೂ ನೆನಪಿನಲ್ಲಿ ಉಳಿದ ಸಾಧನೆ. 1990ರಿಂದ 1994ರವರೆಗೆ ಐದೂ ವರ್ಷ ನಾರ್ತ್ ಮೆಲ್ಬರ್ನ್‌ನ ಅತಿ ಹೆಚ್ಚು ಗೋಲುಗಳು ಅವರವೇ.

ಆಮೇಲೆ ಮೊಣಕಾಲು ಕೈಕೊಟ್ಟಿತು. 1996ರ ಋತುವನ್ನು ಅವರು ಪೂರ್ತಿಯಾಗಿ ಕಳೆದುಕೊಂಡರು. ಮರಳಿ ಬಂದಾಗ ಮೊದಲಿನ ಜಿಗಿತವೂ ವೇಗವೂ ಇರಲಿಲ್ಲ. ಕ್ಯಾರಿ ಅವರ ಸುತ್ತ ಕಟ್ಟಿದ ಹೊಸ ಆಟದಲ್ಲಿ ಗೋಲಿನೆದುರಿನ ಹಳೆಯ ಗದ್ದುಗೆಯೂ ಉಳಿದಿರಲಿಲ್ಲ. ತಂಡಕ್ಕೆ ಎಲ್ಲಿ ಬೇಕೋ ಅಲ್ಲಿ ನಿಂತು ಒದಗಿಬರುವ ಆಟಗಾರನಾಗಿ ಅವರು ಉಳಿದ ವರ್ಷಗಳನ್ನು ಕಳೆದರು. 1999ರ ಗ್ರ್ಯಾಂಡ್ ಫೈನಲ್‌ನಲ್ಲಿ ಕಾರ್ಲ್‌ಟನ್ ತಂಡವನ್ನು 35 ಅಂಕಗಳಿಂದ ಸೋಲಿಸಿದ ದಿನ ಅವರು ಆಡಿದ್ದು ತಮ್ಮ 200ನೆಯ ಪಂದ್ಯ. ಅದೇ ಕೊನೆಯದೂ ಆಯಿತು. ಒಟ್ಟು 511 ಗೋಲು. ಇನ್ನೂ ಇಪ್ಪತ್ತೊಂಬತ್ತು ತುಂಬಿರಲಿಲ್ಲ.

ಪ್ರಶ್ನೆ: ಲಾಂಗ್‌ಮೈರ್ ಗಾಯಗೊಂಡಿದ್ದ 1996ರಲ್ಲಿ ಅವರ ತಂಡ ಪ್ರಶಸ್ತಿ ಗೆದ್ದಿತಂತೆ. ಗಾಯಗೊಂಡು ಹೊರಗೆ ಕುಳಿತ ಆಟಗಾರನಿಗೂ ಪದಕ ಸಿಗುತ್ತದೆಯೇ?
– ನಿವೃತ್ತ ಶಿಕ್ಷಕರು, ಹೊನ್ನಾವರ

ಉತ್ತರ: ಸಿಗುವುದಿಲ್ಲ, ಗುರುಗಳೇ. ಗ್ರ್ಯಾಂಡ್ ಫೈನಲ್ ದಿನ ತಂಡದ ಪಟ್ಟಿಯಲ್ಲಿದ್ದವರಿಗೆ ಮಾತ್ರ ಪದಕ. ವರ್ಷವಿಡೀ ಬೆವರು ಸುರಿಸಿ ಫೈನಲ್‌ಗೆ ಮುಂಚಿನ ವಾರ ಗಾಯಗೊಂಡವನಿಗೂ ಇಲ್ಲ. 1996ರಲ್ಲಿ ನಾರ್ತ್ ಮೆಲ್ಬರ್ನ್ 43 ಅಂಕಗಳಿಂದ ಗೆದ್ದಾಗ ಲಾಂಗ್‌ಮೈರ್ ಅವರಿಗೆ ಪದಕ ಬರಲಿಲ್ಲ. ಅವತ್ತು ಸೋತ ತಂಡ ಸಿಡ್ನಿ. ಮೂರು ವರ್ಷ ಕಾದು 1999ರಲ್ಲಿ ಅವರು ಪದಕ ಕೊರಳಿಗೆ ಹಾಕಿಕೊಂಡರು. ಎಲ್ಲರಿಗೂ ಎರಡನೆಯ ಅವಕಾಶ ಬರುವುದಿಲ್ಲ ಎನ್ನುವುದಕ್ಕೆ ಬಾಬ್ ಮರ್ಫಿ ಅವರ ಕಥೆಯನ್ನು ಇಲ್ಲಿ ಹೇಳಲೇಬೇಕು. ಆ ಕಥೆಯಲ್ಲಿ ಲಾಂಗ್‌ಮೈರ್ ಕೂಡ ಇದ್ದಾರೆ.

ಮರ್ಫಿ ವೆಸ್ಟರ್ನ್ ಬುಲ್‌ಡಾಗ್ಸ್ ತಂಡದವರು. ಮುಂಚೂಣಿಯಲ್ಲೂ ಹಿಂಭಾಗದ ರಕ್ಷಣೆಯಲ್ಲೂ ಸಮನಾಗಿ ಆಡಬಲ್ಲ, ಮೈಕಟ್ಟಿನಲ್ಲಿ ಸಣಕಲಾಗಿದ್ದ, ಜನ ಬಹಳ ಪ್ರೀತಿಸಿದ ಆಟಗಾರ. 2006ರಲ್ಲಿ ಅವರ ಮೊಣಕಾಲಿನ ಅಸ್ಥಿರಜ್ಜು, ಅಂದರೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಹರಿದಿತ್ತು. ಅದರಿಂದ ಚೇತರಿಸಿಕೊಂಡು ಮತ್ತೆ ಆಡಿ, ತಂಡದ ನಾಯಕರಾದರು. 2016ರ ಋತುವಿನ ಮೂರನೆಯ ಸುತ್ತಿನಲ್ಲಿ ಎರಡನೆಯ ಬಾರಿ ಮೊಣಕಾಲು ಹೋಯಿತು. ಆ ವರ್ಷವೇ ಬುಲ್‌ಡಾಗ್ಸ್, 1954ರ ನಂತರ ಒಮ್ಮೆಯೂ ಪ್ರಶಸ್ತಿ ಕಾಣದ ತಂಡ, ಫೈನಲ್ ತಲುಪಿತು. ಎದುರಾಳಿ ಸಿಡ್ನಿ ಸ್ವಾನ್ಸ್, ಅದರ ತರಬೇತುದಾರ ಲಾಂಗ್‌ಮೈರ್. ಬುಲ್‌ಡಾಗ್ಸ್ 22 ಅಂಕಗಳಿಂದ ಗೆದ್ದಿತು.

ಪದಕ ಪ್ರದಾನದ ವೇಳೆ ಗೆದ್ದ ತಂಡದ ತರಬೇತುದಾರ ಲೂಕ್ ಬೆವರಿಜ್ ಅವರಿಗೆ ಜಾಕ್ ಮೆಕ್‌ಹೇಲ್ ಪದಕ ಕೊಟ್ಟರು. ವಿಜೇತ ತರಬೇತುದಾರನಿಗೆಂದೇ ಇರುವ ಪದಕ ಅದು. ಬೆವರಿಜ್ ಮೈಕ್ ಮುಂದೆ ನಿಂತು ಮರ್ಫಿ ಅವರನ್ನು ವೇದಿಕೆಗೆ ಕರೆದರು. ಕೆಳಗೆ ನಿಂತಿದ್ದ ಮರ್ಫಿ ಹಿಂಜರಿಯುತ್ತಲೇ ಮೇಲೆ ಬಂದರು. ಬೆವರಿಜ್ ತಮ್ಮ ಕೊರಳಿನ ಪದಕವನ್ನು ತೆಗೆದು ಅವರ ಕೊರಳಿಗೆ ಹಾಕಿದರು. ಹಾಕಿಸಿಕೊಂಡವರ ಮುಖ ಕಿವುಚಿಕೊಂಡು ಕಣ್ಣು ತುಂಬಿತ್ತು. ಬಟ್ಟಲನ್ನು ಎತ್ತುವಾಗಲೂ ಅವರನ್ನು ಜೊತೆಗೇ ನಿಲ್ಲಿಸಿಕೊಂಡರು. ಪದಕವನ್ನು ಮರ್ಫಿ ನಂತರ ಗೌರವದಿಂದ ಹಿಂತಿರುಗಿಸಿದರು. ಮರುವರ್ಷ 312 ಪಂದ್ಯಗಳಿಗೆ ಅವರ ಆಟ ಮುಗಿಯಿತು, ಒಂದೇ ಒಂದು ಗ್ರ್ಯಾಂಡ್ ಫೈನಲ್ ಕೂಡ ಆಡದೆ.

ಕ್ರೀಡೆಯನ್ನು ಕುರಿತು ಇಷ್ಟು ವರ್ಷ ಬರೆಯುತ್ತಿರುವ ನನಗೆ ತರಬೇತುದಾರನೊಬ್ಬ ತನ್ನ ಆಟಗಾರನಿಗೆ ತೋರಿದ ಗೌರವದಲ್ಲಿ ಇದಕ್ಕಿಂತ ದೊಡ್ಡದು ನೆನಪಾಗುವುದಿಲ್ಲ. ನಮ್ಮ ಊರುಗಳ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಟ್ರೋಫಿ ಹಿಡಿದು ಫೋಟೊ ತೆಗೆಸಿಕೊಳ್ಳುವಾಗ, ಅಂಕಣದ ಹಗ್ಗದ ಆಚೆ ಕಾಲಿಗೆ ಪಟ್ಟಿ ಸುತ್ತಿಕೊಂಡು ನಿಂತ ಹುಡುಗನನ್ನು ಕರೆಯುವವರು ಎಷ್ಟು ಜನರಿದ್ದಾರೆ? ಸಂಘಟಕರು ಹದಿನೈದು ಪದಕ ಮಾಡಿಸುವಲ್ಲಿ ಹದಿನಾರನ್ನು ಮಾಡಿಸಬಹುದು. ಅದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ.

ಪ್ರಶ್ನೆ: ನನ್ನ ಮಗ ಕಬಡ್ಡಿಯಲ್ಲಿ ರೈಡರ್. ಕಳೆದ ಜಾತ್ರೆಯ ಪಂದ್ಯದಲ್ಲಿ ತಿರುಗುವಾಗ ಮೊಣಕಾಲಿನಿಂದ ಪಟ್ಟೆಂದು ಸದ್ದು ಬಂತಂತೆ. ಅವತ್ತು ರಾತ್ರಿ ಊದಿಕೊಂಡಿತು. ಎಲೆಪಟ್ಟಿ ಕಟ್ಟಿಸಿದೆವು, ಊತ ಇಳಿದು ಈಗ ಸರಿಯಾಗಿ ನಡೆಯುತ್ತಾನೆ. ಆಟಕ್ಕೆ ಹೋದರೆ ಮಾತ್ರ ಕಾಲು ಜಾರಿದಂತಾಗುತ್ತದೆ ಎನ್ನುತ್ತಾನೆ. ಲಾಂಗ್‌ಮೈರ್ ಮತ್ತೆ ಆಡಿದರು ಎಂದು ಬರೆದಿದ್ದೀರಿ, ನನ್ನ ಮಗನೂ ಆಡಬಹುದೇ?
– ಒಬ್ಬ ತಾಯಿ, ಅಂಕೋಲಾ

ಉತ್ತರ: ಅಮ್ಮಾ, ಮೊದಲು ಅವನನ್ನು ಅಂಕಣಕ್ಕೆ ಇಳಿಸುವುದನ್ನು ನಿಲ್ಲಿಸಿ, ಮೂಳೆತಜ್ಞರಿಗೆ ತೋರಿಸಿ. ಪತ್ರ ನೋಡಿ ರೋಗನಿರ್ಣಯ ಮಾಡುವುದು ಸಲ್ಲದು. ಆದರೆ ತಿರುಗುವಾಗ ಪಟ್ಟೆಂಬ ಸದ್ದು, ಕೆಲವೇ ಗಂಟೆಗಳಲ್ಲಿ ಊತ, ಊತ ಇಳಿದ ಮೇಲೆ ನೇರ ನಡಿಗೆ ಸಲೀಸು, ತಿರುವಿನಲ್ಲಿ ಮಾತ್ರ ಕಾಲು ಕುಸಿದಂತಾಗುವುದು, ಇವೆಲ್ಲ ಸೇರಿದಾಗ ಎಸಿಎಲ್ ಎಂದು ವೈದ್ಯರು ಕರೆಯುವ ಅಸ್ಥಿರಜ್ಜು ಹರಿದಿರುವ ಸಂಶಯವನ್ನು ಪರೀಕ್ಷಿಸಿಯೇ ತೀರಬೇಕು.

ಈ ರಜ್ಜು ಮೊಣಕಾಲಿನ ಒಳಗೆ ತೊಡೆಯ ಮೂಳೆಯಿಂದ ಕಣಕಾಲಿನ ಮೂಳೆಗೆ ಓರೆಯಾಗಿ ಹಾದುಹೋಗುತ್ತದೆ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಚಿಕೊಳ್ಳದಂತೆ ಹಿಡಿದಿಡುವುದು ಅದರ ಕೆಲಸ. ಪಾದ ನೆಲಕ್ಕೆ ಊರಿದ್ದು ಮೈ ತಿರುಗಿದಾಗ, ಅಥವಾ ಮೊಣಕಾಲು ಬಾಗದೆ ಒಳಮುಖವಾಗಿ ಕುಸಿದು ಇಳಿದಾಗ ಅದು ಹರಿಯುತ್ತದೆ. ಎಷ್ಟೋ ಸಲ ಎದುರಾಳಿ ಮುಟ್ಟಿಯೂ ಇರುವುದಿಲ್ಲ. ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚಿ, ಕಾರ್ನರ್‌ನಲ್ಲಿದ್ದವನು ಕಣಕಾಲಿಗೆ ಬಿದ್ದ ಕ್ಷಣವೇ ಮಧ್ಯದ ಗೆರೆಯ ಕಡೆ ಮೈ ಹೊರಳಿಸುತ್ತಾನಲ್ಲ, ಹಿಡಿತದಲ್ಲಿರುವ ಪಾದ ಅಲ್ಲೇ, ಮೈ ಇನ್ನೊಂದು ಕಡೆ. ಆಗ ಭಾರವೆಲ್ಲ ಆ ಒಂದು ರಜ್ಜುವಿನ ಮೇಲೆ ಬೀಳುತ್ತದೆ.

ಎಲೆಪಟ್ಟಿ ಕಟ್ಟುವ ಹಿರಿಯರ ಕೈಗುಣದ ಬಗ್ಗೆ ನನಗೆ ಗೌರವವಿದೆ. ಉಳುಕಿಗೆ, ಮೇಲಿನ ಊತಕ್ಕೆ ಅದರಿಂದ ಹಿತವಾಗಬಹುದು. ಆದರೆ ಕೀಲಿನ ಒಳಗೆ ಪೂರ್ತಿ ಹರಿದ ಈ ರಜ್ಜು ಹೊರಗಿನ ಪಟ್ಟಿಯಿಂದ ಕೂಡಿಕೊಳ್ಳುವುದಿಲ್ಲ. ಊತ ಇಳಿದಾಕ್ಷಣ ವಾಸಿಯಾಯಿತೆಂದು ಆಡಲು ಹೋಗುವುದರಲ್ಲಿ ದೊಡ್ಡ ಅಪಾಯವಿದೆ, ಏಕೆಂದರೆ ಕಾಲು ಪ್ರತಿ ಸಲ ಜಾರಿದಾಗಲೂ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿಯುತ್ತ ಹೋಗುತ್ತದೆ. ಅದು ಸವೆದವನಿಗೆ ಮಧ್ಯವಯಸ್ಸಿನಲ್ಲೇ ಮಂಡಿನೋವು ಕಾಯಂ ಆಗುತ್ತದೆ.

ಎಮ್‌ಆರ್‌ಐ ಚಿತ್ರದಿಂದ ಸ್ಥಿತಿ ಸ್ಪಷ್ಟವಾಗುತ್ತದೆ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ವ್ಯಾಯಾಮದಿಂದಲೇ ದಿನನಿತ್ಯದ ಕೆಲಸಕ್ಕೆ ಮರಳುವವರಿದ್ದಾರೆ. ತಿರುಗುವ, ಜಿಗಿಯುವ ಆಟಕ್ಕೆ ಮರಳಬೇಕೆನ್ನುವ ಹುಡುಗರಿಗೆ ಸಾಮಾನ್ಯವಾಗಿ ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ತುಂಡನ್ನು ತೆಗೆದು ಹೊಸ ಎಸಿಎಲ್ ಕಟ್ಟುತ್ತಾರೆ. ಇಂಥ ಶಸ್ತ್ರಚಿಕಿತ್ಸೆಗೆ ನಮ್ಮ ಜಿಲ್ಲೆಯವರು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಿಬರುವುದು ವಾಡಿಕೆ. ಅಲ್ಲಿಗೆ ಹೋಗಿಬಂದ ಮೇಲಿನ ಒಂಬತ್ತು ತಿಂಗಳ ವ್ಯಾಯಾಮಕ್ಕೂ ಈಗಲೇ ವ್ಯವಸ್ಥೆ ಯೋಚಿಸಿಕೊಳ್ಳಿ ಎಂಬುದು ನನ್ನ ಒತ್ತಾಯದ ಮಾತು, ಏಕೆಂದರೆ ನಾನು ಕಂಡ ಹೆಚ್ಚಿನ ಹುಡುಗರು ಸೋತದ್ದು ಅಲ್ಲೇ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿರುತ್ತದೆ. ಮೂರನೆಯ ತಿಂಗಳಿಗೆ ನೋವು ಮಾಯವಾಗುತ್ತದೆ, ಬಸ್ಸು ಹತ್ತಿ ಫಿಸಿಯೋಥೆರಪಿಗೆ ಹೋಗುವುದು ನಿಲ್ಲುತ್ತದೆ, ಆರನೆಯ ತಿಂಗಳಿಗೆ ಯಾವುದೋ ಟೂರ್ನಮೆಂಟಿನವರು ಮನೆಗೆ ಬಂದು ಕರೆಯುತ್ತಾರೆ. ಕನಿಷ್ಠ ಒಂಬತ್ತು ತಿಂಗಳು ಕಳೆದು, ಗಾಯವಾದ ಕಾಲಿನ ಬಲ ಇನ್ನೊಂದು ಕಾಲಿಗೆ ಸರಿಸಮ ಬಂದಿದೆಯೇ ಎಂದು ಅಳೆದು ನೋಡುವವರೆಗೆ ಅಂಕಣಕ್ಕೆ ಇಳಿಯಬಾರದು. ಎಳೆಯ ವಯಸ್ಸಿನ ಆಟಗಾರರಲ್ಲಿ ಎರಡನೆಯ ಸಲ ಹರಿಯುವ ಸಂಭವ ಹೆಚ್ಚು.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಆಡಬಹುದು, ಬಹಳ ಜನ ಆಡಿದ್ದಾರೆ. ಒಂದು ವರ್ಷ ಹೋಗುತ್ತದೆ. ಆ ವರ್ಷವನ್ನು ಅವನಿಗೆ ನೀವು ಕೊಡಬೇಕು, ಊರಿನ ತಂಡದವರೂ ಕೊಡಬೇಕು.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ತಂಡದಲ್ಲಿ ಯಾವ ಜಾಗಕ್ಕೆ ಹಾಕಿದರೂ ಆಡುವ ಒಬ್ಬ ವಿದ್ಯಾರ್ಥಿಯಿದ್ದಾನೆ. ಒಂದೇ ಜಾಗದಲ್ಲಿ ನಿಲ್ಲಿಸಿ ಪಳಗಿಸಬೇಕೇ, ಬದಲಾಯಿಸುತ್ತಿರಬೇಕೇ?
– ದೈಹಿಕ ಶಿಕ್ಷಣ ಶಿಕ್ಷಕರು, ಶಿರಸಿ

ಉತ್ತರ: ಆಸ್ಟ್ರೇಲಿಯಾದ ತರಬೇತುದಾರರ ಕೋಣೆಯಲ್ಲಿ ಒಂದು ಬಿಳಿ ಹಲಗೆ ಇರುತ್ತದೆ. ಅದರ ಮೇಲೆ ಮೈದಾನದ ಚಿತ್ರ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಪುಟ್ಟ ಅಯಸ್ಕಾಂತದ ಬಿಲ್ಲೆ. ತಂಡ ಹಿಂದೆ ಬಿದ್ದಾಗ ತರಬೇತುದಾರ ಬಿಲ್ಲೆಗಳನ್ನು ಸರಿಸುತ್ತಾನೆ, ಆ ಸಂದೇಶವನ್ನು ಹೊತ್ತುಕೊಂಡು ರನ್ನರ್ ಒಬ್ಬ ಮೈದಾನಕ್ಕೆ ಓಡುತ್ತಾನೆ. ಹತ್ತಾರು ಬಿಲ್ಲೆಗಳಲ್ಲಿ ಎಲ್ಲಿಗೆ ಸರಿಸಿದರೂ ಕೆಲಸ ಮಾಡುವಂಥವು ಎರಡೋ ಮೂರೋ ಇರುತ್ತವೆ. ನಮ್ಮ ಬಡಗುತಿಟ್ಟಿನ ಮೇಳಗಳಲ್ಲಿ ಯಾವ ವೇಷಧಾರಿಗೆ ಹುಷಾರು ತಪ್ಪಿದರೂ ಆ ವೇಷ ಕಟ್ಟಿ ರಂಗಕ್ಕೆ ಬರಬಲ್ಲ ಕಲಾವಿದನಿಗೆ ಭಾಗವತರು ಕೊಡುವ ಬೆಲೆಯೇ ಇಂಥ ಆಟಗಾರನಿಗೂ ಇದೆ.

ಬ್ರಿಸ್ಬೇನಿನ ಜಸ್ಟಿನ್ ಲೆಪಿಚ್ ಹಾಗಿದ್ದರು. 1993ರಲ್ಲಿ ಬ್ರಿಸ್ಬೇನ್ ಬೇರ್ಸ್ ತಂಡಕ್ಕೆ ಬಂದು, ಆ ಕ್ಲಬ್ಬು ಫಿಟ್ಜ್‌ರಾಯ್ ಜೊತೆ ವಿಲೀನವಾಗಿ ಬ್ರಿಸ್ಬೇನ್ ಲಯನ್ಸ್ ಆದ ಮೇಲೂ ಮುಂದುವರಿದು, 227 ಪಂದ್ಯಗಳಲ್ಲಿ 194 ಗೋಲು ಗಳಿಸಿದರು. ಈ ಅಂಕಿ ನೋಡಿದರೆ ಮುಂಚೂಣಿಯವರೆನಿಸುತ್ತದೆ. ಆದರೆ ಲೀ ಮ್ಯಾಥ್ಯೂಸ್ ಅವರ ತರಬೇತಿಯಲ್ಲಿ 2001, 2002, 2003ರಲ್ಲಿ ಸತತ ಮೂರು ಪ್ರಶಸ್ತಿ ಗೆದ್ದ ತಂಡದಲ್ಲಿ ಅವರು ರಕ್ಷಣೆಯ ನಡುಗಂಬವಾಗಿದ್ದರು. ಗೋಲು ಹೊಡೆಯುವವನ ತಲೆಯಲ್ಲಿ ಏನು ಓಡುತ್ತದೆ ಎಂಬುದು ತಾನೂ ಹೊಡೆದವನಿಗೆ ಗೊತ್ತಿರುತ್ತದೆಯಷ್ಟೇ. ಕೊನೆಗೆ ಬೆನ್ನಿನ ಗಾಯ ಅವರನ್ನು 2006ರಲ್ಲಿ ಆಟದಿಂದ ಹೊರಗಿಟ್ಟಿತು.

ನಿಮ್ಮ ವಿದ್ಯಾರ್ಥಿಯನ್ನು ಬದಲಾಯಿಸಿ ಆಡಿಸಿ, ಸರ್. ಆದರೆ ಎರಡು ಎಚ್ಚರಿಕೆ ಬೇಕು. ಒಂದು ಪಂದ್ಯದೊಳಗೆ ನಾಲ್ಕು ಸಲ ಜಾಗ ಬದಲಿಸಿದರೆ ಅವನಿಗೆ ಯಾವುದೂ ದಕ್ಕುವುದಿಲ್ಲ, ಆದ್ದರಿಂದ ಒಂದೊಂದು ಜಾಗದಲ್ಲಿ ಕೆಲವು ವಾರ ನಿಲ್ಲಿಸಿ. ಇನ್ನೊಂದು, ಎಲ್ಲದಕ್ಕೂ ಒದಗುವ ಹುಡುಗನೇ ಎಲ್ಲ ಪಂದ್ಯಗಳಲ್ಲೂ ವಿಶ್ರಾಂತಿಯಿಲ್ಲದೆ ದುಡಿಯುತ್ತಾನೆ. ತಾಲೂಕು ಮಟ್ಟದಲ್ಲಿ ಕಬಡ್ಡಿ, ವಾಲಿಬಾಲ್, ಉದ್ದಜಿಗಿತ, ರಿಲೇ ಎಲ್ಲಕ್ಕೂ ಒಬ್ಬನದೇ ಹೆಸರು ಬರೆಯುವ ಅಭ್ಯಾಸ ನಮ್ಮ ಶಾಲೆಗಳಲ್ಲಿದೆ. ದಣಿದ ಕಾಲು ಸರಿಯಾಗಿ ಇಳಿಯುವುದಿಲ್ಲ. ಅಭ್ಯಾಸಕ್ಕೆ ಮುಂಚೆ ಇಪ್ಪತ್ತು ನಿಮಿಷ ಒಂಟಿಕಾಲಿನ ಸಮತೋಲನ, ಬೈಠಕ್, ಮಂಡಿ ಬಾಗಿಸಿ ಮೆತ್ತಗೆ ಇಳಿಯುವ ಜಿಗಿತಗಳನ್ನು ಮಾಡಿಸಿ. ಫಿಫಾದ ವೈದ್ಯಕೀಯ ತಜ್ಞರು ರೂಪಿಸಿದ ‘ಇಲೆವೆನ್ ಪ್ಲಸ್’ ಎಂಬ ವ್ಯಾಯಾಮಕ್ರಮ ಇದೇ ಬಗೆಯದು. ನಿಯಮಿತವಾಗಿ ಮಾಡಿದ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಇಳಿದಿವೆ. ಇದಕ್ಕೆ ಯಾವ ಸಲಕರಣೆಯೂ ಬೇಡ.

ಪ್ರಶ್ನೆ: ತರಬೇತುದಾರರಾಗಿ ಲಾಂಗ್‌ಮೈರ್ ನಾಲ್ಕು ಫೈನಲ್ ಸೋತಿದ್ದಾರೆ. ಹಾಗಿದ್ದೂ ಅವರನ್ನು ದೊಡ್ಡವರೆನ್ನುವುದು ಏಕೆ?
– ಒಬ್ಬ ಓದುಗ, ಭಟ್ಕಳ

ಉತ್ತರ: ಸೋಲುಗಳ ಲೆಕ್ಕ ಸರಿಯಾಗಿದೆ. 2014ರಲ್ಲಿ ಹಾಥಾರ್ನ್ ವಿರುದ್ಧ 63 ಅಂಕ, 2016ರಲ್ಲಿ ಬುಲ್‌ಡಾಗ್ಸ್ ವಿರುದ್ಧ 22, 2022ರಲ್ಲಿ ಜೀಲಾಂಗ್ ವಿರುದ್ಧ 81, 2024ರಲ್ಲಿ ಬ್ರಿಸ್ಬೇನ್ ವಿರುದ್ಧ 60. ಕೊನೆಯ ಎರಡು ಸೋಲುಗಳು ಬಹಳ ಕಠೋರವಾದವು, ಅದನ್ನು ಮರೆಮಾಚಬೇಕಿಲ್ಲ. ಆದರೆ 18 ತಂಡಗಳ ಲೀಗಿನಲ್ಲಿ, ದುರ್ಬಲ ತಂಡಗಳಿಗೇ ಹೊಸ ಪ್ರತಿಭೆಗಳನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಕೊಟ್ಟು ಎಲ್ಲರನ್ನೂ ಸಮಗೊಳಿಸುವ ವ್ಯವಸ್ಥೆಯಲ್ಲಿ, ಹದಿನಾಲ್ಕು ವರ್ಷಗಳಲ್ಲಿ ಐದು ಸಲ ಫೈನಲ್ ತಲುಪಿಸುವುದು ಸಣ್ಣ ಮಾತಲ್ಲ.

ಐದರಲ್ಲಿ ಗೆದ್ದ ಒಂದನ್ನು ನೋಡಿ. 2012ರ ಸೆಪ್ಟೆಂಬರ್ ಕೊನೆಯ ಶನಿವಾರ, ಹಾಥಾರ್ನ್ ಎದುರು. ತಂಡದ ಹಿರಿಯ ಆಡಮ್ ಗುಡ್ಸ್ ಅವರ ಮೊಣಕಾಲಿನ ಹಿಂಬದಿಯ ಅಸ್ಥಿರಜ್ಜು ಪಂದ್ಯದ ನಡುವೆಯೇ ಹರಿಯಿತು. ಕುಂಟುತ್ತಲೇ ಆಡಿದ ಅವರು ಕೊನೆಯ ಅವಧಿಯಲ್ಲಿ ಗೋಲೊಂದನ್ನು ಹೊಡೆದರು. ಇನ್ನೇನು ಪಂದ್ಯ ಮುಗಿಯುವ ಹೊತ್ತಿಗೆ ಗೋಲಿನೆದುರು ಕಿತ್ತಾಟದಲ್ಲಿ ಸಿಕ್ಕ ಚೆಂಡನ್ನು ತಿರುಗುತ್ತಲೇ ಒದ್ದು ಗೆಲುವನ್ನು ಖಚಿತಪಡಿಸಿದವರು ನಿಕ್ ಮಾಲ್ಸೆಸ್ಕಿ, ಮೂಲತಃ ರಕ್ಷಣೆಯ ಆಟಗಾರ. ಅವರೂ ಮೊಣಕಾಲಿನ ಶಸ್ತ್ರಚಿಕಿತ್ಸೆ ಕಂಡವರೇ. 91ಕ್ಕೆ 81. ಗಾಯದ ಬಾಳು ಏನೆಂದು ಬಲ್ಲ ತರಬೇತುದಾರನ ತಂಡ ಹಾಗೆ ಗೆದ್ದಿತು. ಗುಡ್ಸ್ ಅವರಂತೆ ಹರಿದ ರಜ್ಜುವಿನೊಂದಿಗೆ ಆಡುವುದನ್ನು ನಮ್ಮ ಹುಡುಗರು ಅನುಕರಿಸಬಾರದು. ಅಲ್ಲಿ ವೈದ್ಯರ ತಂಡ ಗೆರೆಯ ಪಕ್ಕದಲ್ಲೇ ಇತ್ತು.

ನಮ್ಮ ರಾಹುಲ್ ದ್ರಾವಿಡ್ 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್ ಸೋತ ತಂಡದ ತರಬೇತುದಾರರಾಗಿದ್ದರು. ಅವತ್ತು ಅವರ ಯೋಗ್ಯತೆ ಕಡಿಮೆಯಾಗಿರಲಿಲ್ಲ, ಮರುವರ್ಷ ಟಿ-20 ವಿಶ್ವಕಪ್ ಗೆದ್ದಾಗ ಹೊಸದಾಗಿ ಬಂದದ್ದೂ ಅಲ್ಲ.

ಪ್ರಶ್ನೆ: ದೊಡ್ಡ ಆಟಗಾರನಾಗಿದ್ದವನೇ ಒಳ್ಳೆಯ ತರಬೇತುದಾರನಾಗುತ್ತಾನೆಯೇ?
– ಯುವಕ ಸಂಘದ ಕಾರ್ಯದರ್ಶಿ, ಯಲ್ಲಾಪುರ

ಉತ್ತರ: ಹಾಗೇನೂ ಇಲ್ಲ. 2024ರಲ್ಲಿ ಲಾಂಗ್‌ಮೈರ್ ತಂಡವನ್ನು ಸೋಲಿಸಿದ ಬ್ರಿಸ್ಬೇನಿನ ಕ್ರಿಸ್ ಫೇಗನ್ ಆ ಉನ್ನತ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ಟ್ಯಾಸ್ಮೇನಿಯಾದಿಂದ ಬಂದು, ದಶಕಗಳ ಕಾಲ ಬೇರೆಯವರ ಕೈಕೆಳಗೆ ಆಟಗಾರರನ್ನು ಬೆಳೆಸುವ ಕೆಲಸ ಮಾಡಿ, ಅರವತ್ತು ದಾಟಿದ ಮೇಲೆ ಪ್ರಶಸ್ತಿ ಗೆದ್ದರು.

ಇನ್ನೊಂದು ಕಡೆ ಲೆಪಿಚ್. ಮೂರು ಪ್ರಶಸ್ತಿ ಗೆದ್ದುಕೊಟ್ಟ ಅದೇ ಬ್ರಿಸ್ಬೇನ್ ಅವರನ್ನು 2014ರಲ್ಲಿ ಮುಖ್ಯ ತರಬೇತುದಾರರನ್ನಾಗಿ ಮಾಡಿತು. ಮೂರು ಋತುಗಳ 66 ಪಂದ್ಯಗಳಲ್ಲಿ ಗೆದ್ದದ್ದು 14 ಮಾತ್ರ. 2016ರ ಕೊನೆಗೆ ಅವರನ್ನು ಬಿಟ್ಟುಕೊಟ್ಟರು. ಎಳೆಯ ಆಟಗಾರರು ಒಬ್ಬೊಬ್ಬರಾಗಿ ಕ್ಲಬ್ಬು ತೊರೆಯುತ್ತಿದ್ದ ಕಾಲವದು, ಹಾಗಾಗಿ ಸೋಲನ್ನೆಲ್ಲ ಅವರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ನನಗೆ ಮೆಚ್ಚುಗೆಯಾಗುವುದು ಆಮೇಲಿನ ನಡೆ. ಅವರು ರಿಚ್ಮಂಡ್ ಕ್ಲಬ್ಬಿಗೆ ಸಹಾಯಕ ತರಬೇತುದಾರರಾಗಿ ಹೋದರು. ಮರುವರ್ಷವೇ, 2017ರಲ್ಲಿ, ರಿಚ್ಮಂಡ್ 37 ವರ್ಷಗಳ ನಂತರ ಪ್ರಶಸ್ತಿ ಗೆದ್ದಿತು. ಮುಂದೆ ಬ್ರಿಸ್ಬೇನಿನ ಹಳೆಯ ಜೊತೆಗಾರ ಕ್ರೇಗ್ ಮೆಕ್ರೇ ಮುಖ್ಯ ತರಬೇತುದಾರರಾಗಿದ್ದ ಕಾಲಿಂಗ್‌ವುಡ್‌ನಲ್ಲಿ ಸಹಾಯಕರಾಗಿ, 2023ರಲ್ಲಿ ಮತ್ತೊಂದು ಪ್ರಶಸ್ತಿಯಲ್ಲಿ ಪಾಲುದಾರರಾದರು. ಮುಖ್ಯಸ್ಥನ ಕುರ್ಚಿಯಿಂದ ಇಳಿದ ಮೇಲೆ ಇನ್ನೊಬ್ಬರ ಕೈಕೆಳಗೆ ಮನಸ್ಸಿಟ್ಟು ದುಡಿಯುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಲಾಂಗ್‌ಮೈರ್ ಅವರ ವಿಷಯದಲ್ಲೂ ಜನ ಮರೆಯುವ ಸಂಗತಿಯೊಂದಿದೆ. ಆಟ ನಿಲ್ಲಿಸಿದ್ದು 1999ರಲ್ಲಿ, ಸಿಡ್ನಿಗೆ ಸಹಾಯಕರಾಗಿ ಬಂದದ್ದು 2002ರಲ್ಲಿ, ಪಾಲ್ ರೂಸ್ ಅವರಿಂದ ಮುಖ್ಯ ತರಬೇತುದಾರನ ಹೊಣೆ ಪಡೆದದ್ದು 2011ರ ಋತುವಿಗೆ. ನಡುವಿನ ಒಂಬತ್ತು ವರ್ಷ ಅವರು ಕಲಿತರು. ಸಿಡ್ನಿ 2005ರಲ್ಲಿ 72 ವರ್ಷಗಳ ಬರ ನೀಗಿಸಿ ಗೆದ್ದಾಗ ಅವರು ಹಿಂದೆ ನಿಂತಿದ್ದ ಸಹಾಯಕರಲ್ಲೊಬ್ಬರು. ಗಾಯ ಮನುಷ್ಯನಿಗೆ ಮೈದಾನವನ್ನು ಹೊರಗಿನಿಂದ ನೋಡುವ ಬಿಡುವು ಕೊಡುತ್ತದೆ. ಹಲವು ಜಾಗಗಳಲ್ಲಿ ಆಡಿದವನಿಗೆ ಹಲವರ ಕಷ್ಟ ಗೊತ್ತಿರುತ್ತದೆ. ತಿಳಿದದ್ದನ್ನು ಇಪ್ಪತ್ತು ವರ್ಷದ ಹುಡುಗನಿಗೆ ಅರ್ಥವಾಗುವಂತೆ ಹೇಳುವುದನ್ನು ಮಾತ್ರ ಬೇರೆಯಾಗಿಯೇ ಕಲಿಯಬೇಕು, ಅದಕ್ಕೆ ವರ್ಷಗಳು ಬೇಕು.

ನಮ್ಮವರೇ ಆದ ಬಿ.ಸಿ. ರಮೇಶ್ ಅವರನ್ನು ನೋಡಿ. ಕಬಡ್ಡಿಯಲ್ಲಿ ಭಾರತಕ್ಕೆ ಆಡಿ ಅರ್ಜುನ ಪ್ರಶಸ್ತಿ ಪಡೆದವರು. ತರಬೇತುದಾರರಾಗಿ ಪ್ರೊ ಕಬಡ್ಡಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ 2024ರಲ್ಲಿ ಪುಣೇರಿ ಪಲ್ಟನ್‌ಗೂ ಪ್ರಶಸ್ತಿ ತಂದುಕೊಟ್ಟರು. ಎರಡೂ ಬೇರೆ ಬೇರೆ ತಂಡಗಳು, ಬೇರೆ ಬೇರೆ ಹುಡುಗರು.

ಪ್ರಶ್ನೆ: ನನಗೆ ಇಪ್ಪತ್ತಾರು. ವಾಲಿಬಾಲ್ ಆಡುತ್ತಿದ್ದೆ, ಎರಡು ಸಲ ಮೊಣಕಾಲಿನ ಗಾಯವಾಗಿ ವೈದ್ಯರು ಬೇಡವೆಂದಿದ್ದಾರೆ. ತರಬೇತುದಾರನಾಗುವ ಆಸೆಯಿದೆ. ಎಲ್ಲಿಂದ ಆರಂಭಿಸಲಿ?
– ಒಬ್ಬ ಯುವಕ, ಗೋಕರ್ಣ

ಉತ್ತರ: ವೈದ್ಯರ ಮಾತು ಕೇಳಿ ನಿಲ್ಲಿಸಿದ್ದೀರಿ, ಅದಕ್ಕೇ ಧೈರ್ಯ ಬೇಕು, ತಮ್ಮಾ. ಪಟಿಯಾಲಾದಲ್ಲಿರುವ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎಲ್ಲರೂ ಎನ್‌ಐಎಸ್ ಎನ್ನುವ ಸಂಸ್ಥೆ, ತರಬೇತುದಾರರಿಗಾಗಿ ಒಂದು ವರ್ಷದ ಡಿಪ್ಲೊಮಾವನ್ನೂ ಆರು ವಾರಗಳ ಸರ್ಟಿಫಿಕೇಟ್ ಕೋರ್ಸನ್ನೂ ನಡೆಸುತ್ತದೆ. ಕೆಲವು ಕ್ರೀಡೆಗಳ ಡಿಪ್ಲೊಮಾ ಬೆಂಗಳೂರಿನ ಕೇಂದ್ರದಲ್ಲೂ ಇದೆ. ಪ್ರವೇಶಕ್ಕೆ ಯಾವ ಮಟ್ಟದಲ್ಲಿ ಆಡಿದ್ದೀರೆಂಬ ಪ್ರಮಾಣಪತ್ರಗಳು ಮುಖ್ಯ, ಆದ್ದರಿಂದ ಶಾಲಾ ದಿನಗಳಿಂದ ಸಿಕ್ಕವನ್ನೆಲ್ಲ ಒಂದೆಡೆ ಜೋಡಿಸಿಡಿ. ಮೊದಲು ಆರು ವಾರದ ಕೋರ್ಸು ಮಾಡಿ ನೋಡುವುದು ಖರ್ಚಿನ ದೃಷ್ಟಿಯಿಂದಲೂ ಒಳ್ಳೆಯದು. ಶಾಲೆಯಲ್ಲಿ ಕಾಯಂ ಕೆಲಸದ ಗುರಿಯಿದ್ದರೆ ದೈಹಿಕ ಶಿಕ್ಷಣದ ಬಿ.ಪಿ.ಇಡಿ. ಪದವಿಯ ದಾರಿ ಹಿಡಿಯಿರಿ.

ಅದಕ್ಕೂ ಮೊದಲು, ಈ ವಾರವೇ, ನಿಮ್ಮ ಹಳೆಯ ತಂಡದ ಅಭ್ಯಾಸಕ್ಕೆ ಒಂದು ನೋಟ್‌ಬುಕ್ ಹಿಡಿದು ಹೋಗಿ. ಒಬ್ಬನೇ ಆಟಗಾರನನ್ನು ಆರಿಸಿಕೊಂಡು, ಅವನು ಸ್ಮ್ಯಾಶ್ ಹೊಡೆದು ಕೆಳಗಿಳಿಯುವಾಗ ಯಾವ ಕಾಲು ಮೊದಲು ಊರುತ್ತದೆ, ಮಂಡಿ ಬಾಗುತ್ತದೆಯೇ, ಸೋಲುತ್ತಿರುವ ಸೆಟ್‌ನಲ್ಲಿ ಅವನ ಇಳಿತ ಬದಲಾಗುತ್ತದೆಯೇ ಎಂದು ಬರೆದುಕೊಳ್ಳಿ. ಎರಡು ಸಲ ಬಿದ್ದು ಎದ್ದ ನಿಮ್ಮ ಕಣ್ಣಿಗೆ ಅದು ಬೇಗ ಕಾಣುತ್ತದೆ. ಅಭ್ಯಾಸ ಮುಗಿದ ಮೇಲೆ ಆ ಹುಡುಗನನ್ನು ಪಕ್ಕಕ್ಕೆ ಕರೆದು, ಬರೆದುಕೊಂಡದ್ದರಲ್ಲಿ ಒಂದನ್ನು ಮಾತ್ರ ಹೇಳಿ.